ಅರ್ಧ ಅಂಕದ ದಡಿ

ಹೈಸ್ಕೂಲಿನಲ್ಲಿ ಕಲಿತದ್ದರ ಪೈಕಿ ನನಗೆ ಇವತ್ತಿಗೂ ತಡವರಿಸದೆ ಬಾಯಿಪಾಠ ಬರುವುದು ಹಜೇರಿ. ಬೀಜಗಣಿತ ಹೋಯಿತು. ಆಮ್ಲಜನಕ ತಯಾರಿಸುವ ಪ್ರಯೋಗದಲ್ಲಿ ಗಾಜಿನ ಕೊಳವೆಯ ಚಿತ್ರ ಮಾತ್ರ ಕಣ್ಣಮುಂದಿದೆ, ಅನಿಲ ಎಲ್ಲಿ ಸೋರಿಹೋಯಿತೋ ಗೊತ್ತಿಲ್ಲ. ಆದರೆ ಎಂಟನೇ ಇಯತ್ತೆ 'ಬ' ವರ್ಗದ ಹಜೇರಿಯನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ: ಅಕ್ಕಿ, ಉಳ್ಳಾಗಡ್ಡಿ, ಜೀರಗಿ, ಬೆಲ್ಲದ, ಮೆಣಸಿನಕಾಯಿ. ನಮ್ಮ ಕಡೆ ಮಾಸ್ತರರು ಹುಡುಗರನ್ನು ಕೂಗುವುದು ಅಡ್ಡಹೆಸರಿನಿಂದ. ಕಿಟಕಿಯ ಹೊರಗೆ ಹಾದುಹೋಗುವವರಿಗೆ ಒಳಗೆ ಶಾಲೆ ನಡೆದಿದೆಯೋ ಕಿರಾಣಿ ಚೀಟಿ ಬರೆಸುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಒಮ್ಮೆ ಮಳೆಯ ದಿನ ಅರ್ಧ ವರ್ಗ ಗೈರುಹಾಜರಾದಾಗ ಮಾಸ್ತರರು ಪುಸ್ತಕ ಮುಚ್ಚಿ, "ಅಕ್ಕಿ ಐತಿ, ಬೆಲ್ಲ ಐತಿ, ಉಳ್ಳಾಗಡ್ಡಿ ಇಲ್ಲ. ಇವತ್ತ ಹುಗ್ಗಿನ ಮಾಡಬೇಕು" ಅಂದಿದ್ದರು.

ಕಿರಾಣಿಯ ನಡುನಡುವೆ ಊರುಗಳೂ ಬರುತ್ತಿದ್ದವು. ಬಾದಾಮಿ, ಮುಧೋಳ, ಲೋಕಾಪುರ.

"ಮುಧೋಳ ಎಲ್ಲೈತಿ?"

"ಮುಧೋಳಗ ಥಂಡಿಜ್ವರ ಬಂದೈತ್ರಿ ಸರ."

"ಬಾದಾಮಿ?"

"ಈಗರ ಇತ್ರಿ. ನೀರ ಕುಡ್ಯಾಕ ಹೋಗೈತಿ."

ಇದು ನಡೆದದ್ದು ಬೀಳಗಿಯಲ್ಲಿ. ಬೀಳಗಿಯ ಆ ವರ್ಗದಲ್ಲಿ ಬೀಳಗಿ ಅನ್ನುವ ಅಡ್ಡಹೆಸರಿನವನು ಒಬ್ಬನೂ ಇರಲಿಲ್ಲ. ಅವನು ನನಗೆ ಸಿಕ್ಕಿದ್ದು ಮರುವರ್ಷ, ಮುಧೋಳದಲ್ಲಿ. ಮುಧೋಳದಲ್ಲಿ ಹುಡುಕಿದರೆ ಮುಧೋಳ ಇಲ್ಲ. ಊರು ಬಿಟ್ಟವರಿಗೇ ಊರಿನ ಹೆಸರು ಅಂಟಿಕೊಳ್ಳುತ್ತದೆ ಎಂಬುದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು. ಹೊಳೆದಾಗ ನಾನು ಬೆಂಗಳೂರಿನ ಒಂದು ಓಣಿಯಲ್ಲಿದ್ದೆ, ಮನೆ ಮಾಲೀಕರು ನನ್ನನ್ನು "ಬನಹಟ್ಟಿಯವರೇ" ಎಂದು ಕೂಗುತ್ತಿದ್ದರು.

ನಮ್ಮ ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ. ಅವರ ಮೇಲಧಿಕಾರಿಗಳಿಗೆ ಅವರನ್ನು ಕಂಡರೆ ಅದೇನು ಪ್ರೀತಿಯೋ, ಜೂನ್ ಬಂತೆಂದರೆ ಬದಲಿಯ ಆದೇಶ ಕಳಿಸುತ್ತಿದ್ದರು. ಹಾಗಾಗಿ ನನ್ನ ಎಂಟನೇ ಇಯತ್ತೆ ಬೀಳಗಿಯಲ್ಲಿ, ಒಂಬತ್ತು ಮುಧೋಳದಲ್ಲಿ, ಹತ್ತು ಜಮಖಂಡಿಯಲ್ಲಿ ಆಯಿತು. 1986ರ ಜೂನ್‌ನಿಂದ 1989ರ ಏಪ್ರಿಲ್‌ವರೆಗೆ. ಸೂಟಿಗೆ ಮಾತ್ರ ಬನಹಟ್ಟಿಯ ಅಜ್ಜನ ಮನೆ. ಬಾಗಲಕೋಟೆ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1997ರಲ್ಲಿ. ಎಲ್ಲವೂ ವಿಜಾಪುರ ಜಿಲ್ಲೆಯೇ ಆದ್ದರಿಂದ ಅಪ್ಪ, "ನಾ ಏನ್ ಜಿಲ್ಲಾ ಬಿಟ್ಟ ಹೋಗೇನೇನು?" ಎಂದು ಅವ್ವನನ್ನು ಸಮಾಧಾನ ಮಾಡುತ್ತಿದ್ದರು. ಅವ್ವ ಪಾತ್ರೆ ಕಟ್ಟುತ್ತಲೇ ಅದನ್ನು ಕೇಳುತ್ತಿದ್ದಳು.

ಬೀಳಗಿಯಲ್ಲಿ ನಮಗೆ ಭೂಗೋಲ ಕಲಿಸಿದವರು ಸಣಕಲು ಮನುಷ್ಯ, ದೊಡ್ಡ ದನಿ. ಅವರ ಹತ್ತಿರ ಒಂದು ಒದ್ದೆ ಅರಿವೆ ಯಾವಾಗಲೂ ಇರುತ್ತಿತ್ತು. ಹಲಗೆಯ ಮೇಲೆ ಮೊದಲು ಕೃಷ್ಣೆಯನ್ನು ಎಳೆಯುವರು, ಆಮೇಲೆ ಘಟಪ್ರಭೆ ಬಂದು ಚಿಕ್ಕಸಂಗಮದಲ್ಲಿ ಅವಳನ್ನು ಕೂಡುವುದು, ನಡುವೆ ಚುಕ್ಕೆ ಚುಕ್ಕೆಯಾಗಿ ಹಳ್ಳಿಗಳು. ನಾವೆಲ್ಲ ನಮ್ಮ ನಮ್ಮ ಚುಕ್ಕೆ ಹುಡುಕಿ ಖುಷಿಪಡುತ್ತಿರುವಾಗಲೇ, "ಅಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಾಗ. ಆಣೆಕಟ್ಟು ಪೂರಾ ಆದ ದಿನ ನೀರು ಹಿಂದಕ್ಕ ಸರಕೋತ ಬರತೈತಿ, ಹಿಂಗ" ಎಂದು ಒದ್ದೆ ಅರಿವೆಯನ್ನು ಬಲದಿಂದ ಎಡಕ್ಕೆ ಎಳೆಯುವರು. ಒಂದೇ ಎಳೆತಕ್ಕೆ ಹತ್ತು-ಹನ್ನೆರಡು ಚುಕ್ಕೆ ಮಾಯ.

"ಸರ, ನಮ್ಮೂರು ಹ್ವಾತರಿ!" ಎಂದು ಒಬ್ಬ ಎದ್ದು ನಿಲ್ಲುವನು.

"ನಿಮ್ಮೂರು ಅಷ್ಟ ಅಲ್ಲ, ನಿಮ್ಮ ಮಾವನ ಊರೂ ಹೋತು. ಕೂಡು."

ಯಾವ ಪಠ್ಯಪುಸ್ತಕದ ನಕಾಶೆಯೂ ನಮ್ಮನ್ನು ಹಾಗೆ ಹೆದರಿಸಿರಲಿಲ್ಲ. ಮುಂದೆ ನೀರು ಬಂತು. ಅವರ ಅರಿವೆ ಎಳೆದಲ್ಲೇ ಹೆಚ್ಚುಕಡಿಮೆ ಬಂತು. ಬಾಗಲಕೋಟೆಯ ಅರ್ಧ ಊರೇ ಎದ್ದು ನವನಗರಕ್ಕೆ ಹೋಯಿತು. ಈಗ ಆ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ, ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಅದೇ ಮಾಸ್ತರರು ಗಣಿತದವರು ರಜೆ ಹಾಕಿದಾಗ ದಶಮಾಂಶವನ್ನೂ ಹೇಳಿಕೊಡುತ್ತಿದ್ದರು, ನಾವು ಆಕಳಿಸುತ್ತಿದ್ದೆವು. ಬಿಂದುವಿನ ಆಚೆಯ ಅಂಕೆಗಳಿಗೆ ಬೆಲೆಯೇನು? ಬೆಲೆ ತಿಳಿದದ್ದು ಆಮೇಲೆ. ಜಲಾಶಯದ ಮಟ್ಟ 519.6 ಮೀಟರ್ ಇರಬೇಕೋ 524.256 ಮೀಟರ್ ಇರಬೇಕೋ ಎಂದು ರಾಜ್ಯಗಳು ಸುಪ್ರೀಂ ಕೋರ್ಟು, ನ್ಯಾಯಮಂಡಳಿ ಎಂದು ಅಲೆದವಲ್ಲ, ಆಗ ಬೀಳಗಿ ತಾಲ್ಲೂಕಿನಲ್ಲಿ ಎಮ್ಮೆ ಕಾಯುವ ಮುದುಕರೂ ಮೂರು ದಶಮಾಂಶ ಸ್ಥಾನದವರೆಗೆ ತಪ್ಪಿಲ್ಲದೆ ಹೇಳುತ್ತಿದ್ದರು. ಬಿಂದುವಿನ ಆಚೆಯದು ಅವರ ಅಡಿಗೆಮನೆ.

ಆ ಊರಿನ ಗಣಿತದ ತಾಸಿನದೇ ಇನ್ನೊಂದು. 100 ಮೀಟರ್ ಉದ್ದದ ರೈಲು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದು ಕಂಬವನ್ನು ದಾಟಲು ಎಷ್ಟು ಹೊತ್ತು? ವರ್ಗದಲ್ಲಿ ನಲವತ್ತೆರಡು ಜನ. ರೈಲು ನೋಡಿದವರು ಮೂರು ಜನ, ಅದರಲ್ಲಿ ಒಬ್ಬ ಸಿನಿಮಾದಲ್ಲಿ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಈ ನಾಲ್ಕೂ ಊರುಗಳಲ್ಲಿ ರೈಲು ಅನ್ನುವುದು ಗಣಿತ ಪುಸ್ತಕದೊಳಗೆ ಮಾತ್ರ ಓಡುವ ವಾಹನ. ಮಾಸ್ತರರು ಕರುಣೆಯಿಂದ, "ರೈಲು ಬ್ಯಾಡ, ಬಸ್ಸು ಅಂತ ತಿಳಕೋರಿ" ಅಂದರು. ಅದೇ ತಪ್ಪಾಯಿತು.

"ಸರ, ಕಂಬದ ಹಂತ್ಯಾಕ ಯಾರರ ಕೈ ಮಾಡಿದ್ರ?"

"ಯಾರೂ ಕೈ ಮಾಡೂದಿಲ್ಲ."

"ಹಂಗಂದ್ರ ಹೆಂಗ್ರಿ ಸರ, ಕಂಬದ ಹಂತ್ಯಾಕ ನಿಂತವ್ರು ಬಸ್ಸಿಗೇ ನಿಂತಿರತಾರ."

"ನಿಲ್ಲಸೂದಿಲ್ಲಲೇ!"

"ಆತ್ರಿ. ಅನಗವಾಡಿ ಕ್ರಾಸಿನ್ಯಾಗ ಚಾಕ್ಕ ನಿಲ್ತೈತಲ್ರಿ, ಅದನ್ನ ಕೂಡಸಬೇಕೇನ್ರಿ?"

ಸರಿಯುತ್ತರ ಹತ್ತು ಸೆಕೆಂಡು. ನಮ್ಮ ವರ್ಗದ ಉತ್ತರ ಹದಿನೈದು ನಿಮಿಷದಿಂದ ಮುಕ್ಕಾಲು ತಾಸಿನವರೆಗೆ ಹಬ್ಬಿತ್ತು. ಚಾ ಜೊತೆ ಭಜಿ ಹಿಡಿದವನದು ಇನ್ನೂ ಹೆಚ್ಚು.

ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೊರಟಾಗ ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಮೊದಲ ಸಲ ರೈಲು ಕಂಡೆ. ಉಳಿದವರೆಲ್ಲ ಟ್ರಂಕು ಹೊತ್ತು ಓಡುತ್ತಿದ್ದರೆ ನಾನು ಒಂದು ಕಂಬದ ಪಕ್ಕ ನಿಂತು, ಎಂಜಿನು ಮುಟ್ಟಿದ ಕೂಡಲೇ ಒಂದು, ಎರಡು ಎಂದು ಎಣಿಸತೊಡಗಿದೆ. ಕಡೆಯ ಡಬ್ಬಿ ದಾಟುವಾಗ ಮೂವತ್ತೊಂದು. ಉದ್ದ ಗೊತ್ತಿದ್ದರೆ ವೇಗ ತೆಗೆಯಬಹುದಲ್ಲ ಎಂದು ಯೋಚಿಸುತ್ತಿದ್ದೆ. ನಾನು ಹತ್ತಬೇಕಾದ ರೈಲು ಅದೇ ಆಗಿತ್ತು.

ಬಾಗಲಕೋಟೆಯಿಂದ ಕುಡಚಿಗೆ, ಅಂದರೆ ನಮ್ಮ ಊರುಗಳ ಹೊಟ್ಟೆಯೊಳಗಿಂದ, ಸುಮಾರು 142 ಕಿಲೋಮೀಟರಿನ ರೈಲುಮಾರ್ಗಕ್ಕೆ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಹಳಿ ಬಾಗಲಕೋಟೆ ಬಿಟ್ಟು ಮೊದಲು ಖಜ್ಜಿಡೋಣಿ ಮುಟ್ಟಿತು. ಅದರ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುವುದು ಕಷ್ಟ; ನಮ್ಮ ಬೀಳಗಿ ವರ್ಗ ಕೊಟ್ಟ ಉತ್ತರಗಳೇ ನಿಜಕ್ಕೆ ಹತ್ತಿರ.

ಮುಧೋಳಕ್ಕೆ ಬಂದಾಗ ಇಂಗ್ಲಿಷಿನ ತಾಸಿನಲ್ಲಿ ನಾಯಿಯ ಮೇಲೆ ನಿಬಂಧ ಬರೆಸಿದರು. ನಾಯಿ ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಸ್ವಾಮಿನಿಷ್ಠ, ರಾತ್ರಿ ಮನೆ ಕಾಯುತ್ತದೆ ಎಂಬ ನಾಲ್ಕು ವಾಕ್ಯಗಳ ಆಚೆಗೆ ಭಾರತದ ಯಾವ ವಿದ್ಯಾರ್ಥಿಯೂ ಹೋಗಿಲ್ಲ. ಮುಧೋಳದ ಹುಡುಗರು ಹೋಗುತ್ತಿದ್ದರು. ಅಲ್ಲಿಯ ಬೇಟೆನಾಯಿ ಹೆಸರಾದದ್ದು. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ಓಡಿದರೆ ಕಾಲು ಕಾಣದು. ಮುಧೋಳದ ಘೋರ್ಪಡೆ ದೊರೆಗಳು ಅದನ್ನು ಬ್ರಿಟನ್ನಿನ ರಾಜ ಐದನೇ ಜಾರ್ಜನಿಗೇ ಕಾಣಿಕೆ ಕೊಟ್ಟಿದ್ದರು. ನನ್ನ ಪಕ್ಕದ ಹುಡುಗ ತನ್ನ ಮನೆಯ ನಾಯಿಯ ಬಗ್ಗೆ ಎರಡು ಪುಟ ಬರೆದ: ಅದು ಮೊಲ ಹಿಡಿಯುತ್ತದೆ, ಜೋಳದ ನುಚ್ಚು ತಿನ್ನುತ್ತದೆ, ರಾತ್ರಿ ಮನೆ ಕಾಯುವುದಿಲ್ಲ ಏಕೆಂದರೆ ಹಗಲೆಲ್ಲ ಓಡಿ ದಣಿದಿರುತ್ತದೆ. ಮಾಸ್ತರರು ಆ ಕಡೆಯ ವಾಕ್ಯಕ್ಕೆ ಕೆಂಪು ಗೆರೆ ಹಾಕಿ, ನಾಯಿ ಮನೆ ಕಾಯುತ್ತದೆ ಎಂದು ತಿದ್ದಿದರು. ಹುಡುಗ ಸಂಜೆ ಮನೆಗೆ ಹೋಗಿ ನಾಯಿಗೆ ಅದನ್ನು ಓದಿಹೇಳಿದನಂತೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಯ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳದ್ದೂ ಅದರಲ್ಲಿತ್ತು. ನಾನು ಒಂದು ಕೊಂಡು, ಲಕೋಟೆಗೆ ಅಂಟಿಸಿ, ಆ ಹುಡುಗನಿಗೆ ಕಳಿಸಿದೆ. ಒಳಗೆ ಕಾಗದ ಹಾಕುವುದು ಮರೆತಿತ್ತು. ಅವನಿಗೆ ಅರ್ಥವಾಯಿತು.

ಹಿಂದಿಯ ವಿಷಯ ಬೇಗ ಮುಗಿಸುತ್ತೇನೆ. ಕುರ್ಚಿ ಹೆಣ್ಣು, ಕೋಣೆ ಗಂಡು ಎಂಬಲ್ಲಿಗೆ ನನ್ನ ನಂಬಿಕೆ ಮುರಿಯಿತು. ಆಮೇಲೆ ದಿಲ್ಲಿಯಲ್ಲಿ ಎರಡು ವರ್ಷ ಇದ್ದಾಗ ಎಲ್ಲವನ್ನೂ ಹೆಣ್ಣೆಂದೇ ಮಾತಾಡಿದೆ, ಗೌರವಕ್ಕೆ ಕಡಿಮೆಯಾಗಲಿಲ್ಲ.

ಕನ್ನಡ ಹಾಗಲ್ಲ. ರನ್ನ ಹುಟ್ಟಿದ ಊರಿನಲ್ಲಿ ರನ್ನನ ಪಾಠ ಕೇಳುವ ಭಾಗ್ಯ ಎಂದು ಕನ್ನಡದ ಗುರುಗಳು ಮೊದಲ ದಿನವೇ ಕಣ್ಣು ಒದ್ದೆ ಮಾಡಿಕೊಂಡರು. ಬಳೆಗಾರರ ಮನೆಯ ಹುಡುಗ, ಆಗ ಮುದುವೊಳಲು ಎಂದು ಕರೆಯುತ್ತಿದ್ದ ಈ ಊರಿಂದ ವಿದ್ಯೆಗಾಗಿ ತೆಂಕಣ ಗಂಗರ ನಾಡಿಗೆ ನಡೆದುಹೋಗಿ ಅಜಿತಸೇನಾಚಾರ್ಯರ ಹತ್ತಿರ ಕಲಿತ ಎಂದು ಅವರು ಹೇಳುವಾಗ, ನಮ್ಮಲ್ಲೊಬ್ಬ "ಇಲ್ಲಿ ಸೀಟ್ ಸಿಗಲಿಲ್ಲೇನ್ರಿ?" ಅಂದ. ಗುರುಗಳು ಸಿಟ್ಟಾಗಲಿಲ್ಲ. "ಆಗಿನಿಂದ ಹಂಗ ಐತಿ ತಮ್ಮಾ. ಓದಬೇಕಂದ್ರ ತೆಂಕಣಕ್ಕ ಹೋಗಬೇಕು" ಅಂದರು. ಹತ್ತನೆಯ ಶತಮಾನದಿಂದ ಇಲ್ಲಿಯವರೆಗೆ ಮುಧೋಳದಿಂದ ಬೆಂಗಳೂರಿನ ಕಡೆಗೆ ಹೋದವರೆಲ್ಲ ರನ್ನನ ಹಿಂದಿನ ಬೆಂಚಿನವರು.

ಗದಾಯುದ್ಧವನ್ನು ಅವರು ಓದುತ್ತಿರಲಿಲ್ಲ, ಆಡಿಸುತ್ತಿದ್ದರು. ವೈಶಂಪಾಯನ ಸರೋವರ ಅಂದರೆ ಅವರ ಮೇಜು. ವರ್ಗದ ಅತ್ಯಂತ ದಪ್ಪ ಹುಡುಗ ದುರ್ಯೋಧನನಾಗಿ ಅದರ ಕೆಳಗೆ ತೂರಬೇಕು. ಭೀಮ ಹೊರಗೆ ನಿಂತು ಮೂದಲಿಸಿ ಅವನನ್ನು ಮೇಲಕ್ಕೆ ಬರಿಸಬೇಕು. ನನ್ನನ್ನು ಭೀಮ ಮಾಡಿದರು. ಮೂವತ್ತೆರಡು ಕಿಲೋ ಇದ್ದೆ. ಹಳಗನ್ನಡದ ಪದ್ಯ ನನಗೆ ನಾಲ್ಕನೇ ಶಬ್ದಕ್ಕೆ ಕೈಕೊಟ್ಟಿತು. ವರ್ಗ ಮೌನ. ದುರ್ಯೋಧನ ಮೇಜಿನ ಕೆಳಗಿಂದ, "ಲಗೂನ ಬೈಯಲೇ, ಕಾಲು ಜೋಂವು ಹಿಡದೈತಿ" ಎಂದು ಪಿಸುಗುಟ್ಟಿದ. ಅವಮಾನ, ಅವಸರ ಎರಡೂ ಸೇರಿ ನನ್ನ ಬಾಯಿಂದ ಬಂದದ್ದು ಶುಕ್ರವಾರದ ಸಂತೆಯ ಕನ್ನಡ. ಮೆಣಸಿನಕಾಯಿ ಮಾರುವ ಮುದುಕಿ ತೂಕದಲ್ಲಿ ವಾದ ಮಾಡುವ ಗಿರಾಕಿಗೆ ಏನು ಹೇಳುತ್ತಾಳೋ ಅದನ್ನು ಅವಳದೇ ಕ್ರಮದಲ್ಲಿ, ಅವನ ಮನೆತನದಿಂದ ಹಿಡಿದು ಅವನ ಚೀಲದ ತೂತಿನವರೆಗೆ, ಹೇಳಿದೆ.

ರನ್ನನ ದುರ್ಯೋಧನ ನೀರೊಳಗಿದ್ದೂ ಬೆವರಿದ ಎಂಬುದನ್ನು ಗುರುಗಳು ಎರಡು ದಿನ ವಿವರಿಸಿದ್ದರು. ನಮ್ಮವನು ಹೊರಬಂದಾಗ ಅಂಗಿ ಹಿಂಡುವಂತಿತ್ತು. ಅದು ಮೂದಲಿಕೆಯಿಂದಲೋ ಮುಧೋಳದ ಮಾರ್ಚ್ ತಿಂಗಳಿನಿಂದಲೋ ಗೊತ್ತಾಗಲಿಲ್ಲ. ಗುರುಗಳು ಬಹಳ ಹೊತ್ತು ಸುಮ್ಮನಿದ್ದು ಅಂದರು: "ಇದನ್ನ ರನ್ನ ಬರದಿಲ್ಲ. ಆದ್ರ ಅವನೂ ಇದ ಸಂತಿಗೆ ಬಳಿ ಮಾರಾಕ ಬಂದವ. ಕೇಳಿರತಾನ."

ಹೈಸ್ಕೂಲಿನಲ್ಲಿ ನನಗೆ ಸಿಕ್ಕ ದೊಡ್ಡ ಶಿಫಾರಸು ಪತ್ರ ಅದೇ. ಮುಂದೆ ಪತ್ರಿಕೆಗಳಿಗೆ ಬರೆಯುವ ಧೈರ್ಯ ಬಂದದ್ದೂ ಅಲ್ಲಿಂದ. ಅದರ ಹೊಣೆ ಆ ಗುರುಗಳದು.

ಹತ್ತನೇ ಇಯತ್ತೆಗೆ ಜಮಖಂಡಿ. ಇತಿಹಾಸದ ಮಾಸ್ತರರು ನನ್ನ ಹಳೆಯ ಶಾಲೆಗಳ ದಾಖಲೆ ನೋಡಿ, "ಹೊರದೇಶದಾಗ ಕಲತ ಬಂದಾನ" ಎಂದು ವರ್ಗಕ್ಕೆ ಪರಿಚಯಿಸಿದರು. ಚೇಷ್ಟೆ ಎಂದುಕೊಂಡೆ. ಅವರು ನಕಾಶೆ ಬಿಚ್ಚಿದರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಯವರಿಗೆ ಸೇರಿದ್ದು, ಬೀಳಗಿ ನೇರ ಇಂಗ್ಲಿಷರ ಕೈಯಲ್ಲಿ. ಸೈಕಲ್ ತುಳಿದು ಹೋಗುವ ದೂರದಲ್ಲಿ ನಾಲ್ಕು ರಾಜ್ಯಾಡಳಿತ. ನಮ್ಮ ಅಪ್ಪ ಜಿಲ್ಲೆ ಬಿಟ್ಟಿಲ್ಲ ಎಂದು ಅವ್ವನಿಗೆ ಹೇಳಿದ್ದ ಸುಳ್ಳು ಅವತ್ತು ಬಯಲಾಯಿತು. ನಾನು ಮನೆಗೆ ಹೋಗಿ ಹೇಳಿದೆ. ಅವ್ವ, "ನನಗ ಪಾತ್ರಿ ಕಟ್ಟೂ ಮುಂದನ ಗೊತ್ತಿತ್ತು" ಅಂದಳು.

ಪೌರನೀತಿಯನ್ನೂ ಅದೇ ಮಾಸ್ತರರು ಕಲಿಸುತ್ತಿದ್ದರು. ಜಮಖಂಡಿಯಲ್ಲಿ ಉಪರಾಷ್ಟ್ರಪತಿಯ ಪಾಠ ಮಾಡುವುದು ಮನೆಯ ಹಿರಿಯರ ಫೋಟೋ ತೋರಿಸಿದ ಹಾಗೆ. ಬಿ. ಡಿ. ಜತ್ತಿಯವರು ಸಾವಳಗಿಯವರು, ಜಮಖಂಡಿಯಲ್ಲಿ ವಕೀಲಿ ಮಾಡಿದವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಆಮೇಲೆ 1974ರಲ್ಲಿ ಉಪರಾಷ್ಟ್ರಪತಿಯಾದವರು. 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಸ್ಥಾನವನ್ನೂ ನಿಭಾಯಿಸಿದವರು. "ಉಪರಾಷ್ಟ್ರಪತಿ ಆಗಾಕ ಏನೇನು ಬೇಕು?" ಎಂದು ಕೇಳಿದರೆ ವರ್ಗ ಒಕ್ಕೊರಲಿನಿಂದ, "35 ಪೂರ್ತಿ ಆಗಿರಬೇಕ್ರಿ" ಅನ್ನುತ್ತಿತ್ತು. ಆಗ ಎಸ್ಸೆಸ್ಸೆಲ್ಸಿ ಪಾಸಾಗಲು ಬೇಕಾಗಿದ್ದದ್ದೂ 35. ಈ ಎರಡರ ನಡುವೆ ಸಂಬಂಧ ಇದ್ದೇ ಇರಬೇಕೆಂದು ಹಿಂದಿನ ಬೆಂಚಿನಲ್ಲಿ ಗಾಢವಾದ ನಂಬಿಕೆ ಇತ್ತು. ವಿಜ್ಞಾನದಲ್ಲಿ 35 ತೆಗೆದವನೊಬ್ಬ ಅಂಕಪಟ್ಟಿ ಹಿಡಿದುಕೊಂಡು, ವಯಸ್ಸೊಂದು ಆಗಬೇಕಷ್ಟೇ ಎಂದು ಊರೆಲ್ಲ ತಿರುಗಿದ.

ಅದೇ ವರ್ಷ ಕೃಷ್ಣೆಯ ದಂಡೆಯ ರೈತರು, ಸರಕಾರದ ದಾರಿ ಕಾಯ್ದು ಸಾಕಾಗಿ, ಸಿದ್ದು ನ್ಯಾಮಗೌಡರನ್ನು ಮುಂದೆ ಮಾಡಿಕೊಂಡು ಚಿಕ್ಕಪಡಸಲಗಿಯಲ್ಲಿ ತಾವೇ ಬ್ಯಾರೇಜು ಕಟ್ಟುತ್ತಿದ್ದರು. 1989ರಲ್ಲಿ ಮುಗಿದ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ನಮ್ಮ ಶಾಲೆಯಲ್ಲಿ ಕಾರ್ಯಾನುಭವ ಎಂಬ ತಾಸೊಂದಿತ್ತು. ಅದರಲ್ಲಿ ಆಗುತ್ತಿದ್ದ ಕಾರ್ಯವೆಂದರೆ ತೋಟದ ಅಂಚಿನ ಕಲ್ಲಿಗೆ ಸುಣ್ಣ ಬಳಿಯುವುದು, ಮಳೆಯಾದ ಮೇಲೆ ಮತ್ತೆ ಬಳಿಯುವುದು. ಒಂದು ಸೋಮವಾರ ನದಿ ಕಡೆಯ ಹಳ್ಳಿಯ ಹುಡುಗನೊಬ್ಬ ಬ್ರಷ್ ಹಿಡಿಯಲಾರೆ ಅಂದ. ಮಾಸ್ತರರು ಕೈ ತೋರಿಸು ಅಂದರು. ಎರಡೂ ಅಂಗೈಯಲ್ಲಿ ಬೊಬ್ಬೆ ಒಡೆದಿದ್ದವು. ಎರಡು ದಿನ ಅಪ್ಪನ ಜೊತೆ ಬ್ಯಾರೇಜಿಗೆ ಕಲ್ಲು ಹೊತ್ತಿದ್ದ. ಅವರು ಏನೂ ಅನ್ನದೆ ಅವನ ಹೆಸರಿನ ಮುಂದೆ ಇಡೀ ವರ್ಷದ ಅಂಕ ಅವತ್ತೇ ತುಂಬಿಬಿಟ್ಟರು. ನಮಗೆ ಹೊಟ್ಟೆಕಿಚ್ಚಾಯಿತು, ಆದರೆ ಕೈ ಬದಲಾಯಿಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಇನ್ನು ಗ್ರಾಫಿನ ಸಂಗತಿ. ಇದನ್ನು ಹೇಳಬೇಕೆಂದೇ ಇಷ್ಟು ದೂರ ಬಂದೆ.

ಜಮಖಂಡಿಯ ಗಣಿತದ ಮಾಸ್ತರರು ಕೆಂಪು ಪೆನ್ನಿನ ಟೊಪ್ಪಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ವಹಿ ತಿದ್ದುತ್ತಿದ್ದರು. ಗ್ರಾಫಿನಲ್ಲಿ ಅವರು ಬಲು ಕಟ್ಟುನಿಟ್ಟು. ಪೆನ್ಸಿಲು ಸೂಜಿಯಂತಿರಬೇಕು, ಬಿಂದು ಸಾಸಿವೆಯಂತಿರಬೇಕು. ದಸರೆಯ ಸೂಟಿಗೆ ಕೊಟ್ಟ ಮನೆಗೆಲಸ: ವೈ ಸಮ ಎರಡು ಎಕ್ಸ್ ಕೂಡು ಮೂರು. ಎಕ್ಸ್‌ಗೆ ಸೊನ್ನೆಯಿಂದ ಐದರವರೆಗೆ ಬೆಲೆ ಕೊಟ್ಟು ಬಿಂದು ಗುರುತಿಸಿ ರೇಖೆ ಎಳೆಯಿರಿ. ನಾನು ವಹಿ ಕಟ್ಟಿಕೊಂಡು ಬನಹಟ್ಟಿಗೆ ಹೋದೆ.

ರಬಕವಿ-ಬನಹಟ್ಟಿಯಲ್ಲಿ ಓದುವುದು ಅಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸಲಾಗದು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪಾವರಲೂಮು. ಖಟಾಖಟ್ ಸದ್ದಿನೊಳಗೇ ಹುಟ್ಟಿ, ಉಂಡು, ಮಲಗುವ ಜನ. ಕರೆಂಟು ಹೋದರೆ ಕೂಸುಗಳು ಬೆಚ್ಚಿ ಎದ್ದು ಅಳುತ್ತವೆ. ಮಗ್ಗ ನಿಂತಾಗಲೂ ನಮ್ಮವರು ಅದೇ ದನಿಯಲ್ಲಿ ಮಾತಾಡುವುದರಿಂದ ಮನೆಯ ಗುಟ್ಟುಗಳೆಲ್ಲ ಲೋಡ್‌ಶೆಡ್ಡಿಂಗಿನ ಹೊತ್ತಿನಲ್ಲೇ ಹೊರಬೀಳುತ್ತವೆ. ಅಂಥ ಮನೆಯ ಪಡಸಾಲೆಯಲ್ಲಿ, ಕಂಡಿಕೆ ಸುತ್ತುವ ಅಜ್ಜಿಯ ಪಕ್ಕ ಕೂತು ನಾನು ಬಿಂದು ಇಟ್ಟೆ. (0, 3), (1, 5), (2, 7). ನಾಲ್ಕನೆಯದಕ್ಕೆ ಅಜ್ಜಿ, "ಎಂಟ ಗಂಟಿ ಆತೇನೋ?" ಎಂದು ಕಿವಿಯಲ್ಲಿ ಕೂಗಿದಳು. (3, 9) ಆಗಬೇಕಾದದ್ದು (3, 8) ಆಯಿತು. ನನಗೆ ಗೊತ್ತಾಗಲಿಲ್ಲ. (4, 11), (5, 13) ಇಟ್ಟು, ಚೌಕ ತುಂಬಿ, ಉಣ್ಣಲು ಹೋದೆ.

ಬಂದು ನೋಡಿದರೆ ವಹಿ ಕಾಕಾನ ಕೈಯಲ್ಲಿತ್ತು. ಕಾಕಾ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಸೀರೆಯ ದಡಿಯ ನಮೂನೆಗಳನ್ನು ಹಳೆಯ ಜಮಾಖರ್ಚಿನ ಪುಸ್ತಕದಲ್ಲಿ ಕೈಯಿಂದ ಚೌಕ ಕೊರೆದು ತೆಗೆಯುವನು. ಅಚ್ಚಾದ ಚೌಕಗಳ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, "ನಿಮ್ಮ ಮಾಸ್ತರ ನೇಕಾರರ ಪೈಕಿ ಏನೋ?" ಅಂದ.

"ಅಲ್ಲ ಕಾಕಾ, ಇದು ಸಮೀಕರಣ."

"ಏನರ ಇರಲಿ. ಏರೂದು ಏರೈತಿ, ಇಳಿಯವಲ್ದು. ಇಳೀದಿದ್ರ ದಡಿ ಹೆಂಗಾದೀತು?"

ನೀಲಿ ಪೆನ್ಸಿಲು ತೆಗೆದು, ನನ್ನ ರೇಖೆಯನ್ನು ಆ ಮಗ್ಗಲಿಗೂ ಮಡಚಿ ಇಳಿಸಿದ. ಎರಡು ಕಡೆ ಮೆಟ್ಟಿಲು ಹತ್ತಿ ನಡುವೆ ಕೂಡುವ ಒಂದು ತೆನೆ. ಚೌಕ ತುಂಬಿದಲ್ಲೆಲ್ಲ, ಮಗ್ಗದಲ್ಲಿ ನಮೂನೆ ಎತ್ತುವ ಡಾಬಿಯ ಮರದ ಪಟ್ಟಿಗೆ ಒಂದೊಂದು ಗೂಟ ಬಡಿದ. ಗೂಟ ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ, ನಡುವೆ ಲಾಳಿ ಓಡುತ್ತದೆ. ಇಷ್ಟೇ ಅದರ ಗಣಿತ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಸಿರು ಸೀರೆಯ ಅಂಚಿನಲ್ಲಿ ನನ್ನ ಸಮೀಕರಣ ಕೆಂಪು ನೂಲಿನಲ್ಲಿ ಸಾಲುಗಟ್ಟಿ ಇಳಿಯುತ್ತಿತ್ತು. ಪ್ರತಿ ತೆನೆಗೂ ಎಡಕ್ಕೊಂದು ಬಲಕ್ಕೊಂದು, ಮೂರನೇ ಮೆಟ್ಟಿಲಿನಲ್ಲಿ ಒಂದು ಸಣ್ಣ ಕುಳಿ.

ಸೂಟಿ ಮುಗಿದು ವಹಿ ಮಾಸ್ತರರ ಮುಂದೆ ಹೋಯಿತು. ಪುಟದ ಮೇಲೆ ಮಗ್ಗದ ಎಣ್ಣೆಯ ಕಲೆ, ನೀಲಿ ಪೆನ್ಸಿಲಿನ ಇಳಿಜಾರು, ಮೂಲೆಯಲ್ಲಿ ಕಾಕಾನ ಅಕ್ಷರದಲ್ಲಿ ನೂಲಿನ ಲೆಕ್ಕ. ಅವರು ಟೊಪ್ಪಿಗೆ ಕಚ್ಚಿಕೊಂಡು ಬಹಳ ಹೊತ್ತು ನೋಡಿದರು. ಪೆನ್ನು ನೆಟ್ಟಗೆ ಕುಳಿಗೇ ಹೋಯಿತು.

"ಎರಡ ಮೂರ್ಲೆ ಆರು, ಕೂಡು ಮೂರು, ಒಂಬತ್ತು. ಇಲ್ಲಿ ಎಂಟು ಐತಿ. ಅರ್ಧ ಅಂಕ ಕಳದೇನಿ. ತಿದ್ದಕೊಂಡ ಬಾ."

"ತಿದ್ದಾಕ ಬರೂದಿಲ್ರಿ ಸರ."

"ಯಾಕ?"

"ನೇಯ್ದ ಆಗಿ ಹೋಗೈತ್ರಿ."

"ಏನು?"

"ಸೀರಿ ರೀ. ಒಂದು ಬೀಮು ಪೂರಾ."

ಟೊಪ್ಪಿಗೆ ಹಲ್ಲಿನಿಂದ ಜಾರಿ ಬಿತ್ತು. ತಪ್ಪು ಮಾಡಿದವರಿಂದ ಸರಿಯುತ್ತರವನ್ನು ನೂರು ಸಲ ಬರೆಸುವುದು ಆ ಮಾಸ್ತರರ ಪದ್ಧತಿ. "ಇಷ್ಟ ವರ್ಷದಾಗ ತಪ್ಪನ್ನ ಸಾವಿರ ಸಲ ಬರದ ತಂದಾಂವ ನೀ ಒಬ್ಬನ" ಅಂದರು. ಆಮೇಲೆ ದನಿ ತಗ್ಗಿಸಿ, ಸೀರೆಗೆ ಎಷ್ಟು ಬೀಳುತ್ತದೆ ಎಂದು ಕೇಳಿದರು. ಅರ್ಧ ಅಂಕ ಮಾತ್ರ ವಾಪಸು ಬರಲಿಲ್ಲ.

ಆ ದಡಿ ಓಡಿತು. ವ್ಯಾಪಾರಸ್ಥರು ಅದನ್ನು "ಹಲ್ಲಮುರಕ" ಎಂದು ಹೆಸರಿಟ್ಟು ಕೇಳತೊಡಗಿದರು. ನಾನು ಕಾಕಾನಿಗೆ ತಪ್ಪಿನ ವಿಷಯ ಹೇಳಿದೆ, ಸರಿ ಮಾಡು ಅಂದೆ. ಅವನು ಸರಿ ಮಾಡಿದ ಒಂದು ಬೀಮು ಹಾಗೇ ಕೂತಿತು, ಯಾರೂ ಮುಟ್ಟಲಿಲ್ಲ. ಮುಂದಿನ ಸೂಟಿಯಲ್ಲಿ, "ಈಗ ಯಾವ ಪಾಠ ನಡದೈತಿ?" ಎಂದು ಬಾಗಿಲಲ್ಲೇ ಹಿಡಿದ. ವರ್ಗಸಮೀಕರಣದ ಬುಟ್ಟಿಯಂಥ ವಕ್ರರೇಖೆ ತೋರಿಸಿದೆ. ತಲೆ ತಿರುಗಿಸಿ ತಿರುಗಿಸಿ ನೋಡಿ, "ಇದು ಡಾಬಿಗೆ ಹಿಡಸೂದಿಲ್ಲ. ಸರಕಾರ ಇದನ್ನ್ಯಾಕ ಕಲಸತೈತಿ?" ಅಂದ. ಗಣಿತದ ಉಪಯೋಗದ ಬಗ್ಗೆ ಆಮೇಲೆ ಬಹಳ ಜನರ ಭಾಷಣ ಕೇಳಿದ್ದೇನೆ. ಇಷ್ಟು ನೇರವಾಗಿ ಕೇಳಿದವರು ಸಿಗಲಿಲ್ಲ.

ಕಾಕಾ ಈಗಿಲ್ಲ. ಆ ಡಾಬಿ ಯಾವ ಗುಜರಿಗೆ ಹೋಯಿತೋ. ನಮ್ಮ ಮಗ್ಗದ ಮನೆಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇದೆ.

ಕಳೆದ ವರ್ಷ ರಬಕವಿಯಲ್ಲಿ ಒಂದು ಮದುವೆ. ಟೇಬಲ್ ಊಟದ ಸಾಲು ಉದ್ದವಿತ್ತೆಂದು ಹಳಬರೆಲ್ಲ ನೆಲದ ಪಂಕ್ತಿಗೆ ಕೂತೆವು. ನೆಲಕ್ಕೆ ಕೂತವನ ಕಣ್ಣಿನ ಮಟ್ಟಕ್ಕೆ ಬಡಿಸುವವರ ಮುಖ ಬರುವುದಿಲ್ಲ, ಸೀರೆಯ ದಡಿ ಬರುತ್ತದೆ. ಒಂದು ಹಸಿರು ಸೀರೆ ಹೋಳಿಗೆಯ ಬುಟ್ಟಿ ಹಿಡಿದು ನನ್ನ ಎದುರು ನಿಂತಿತು. ಕೆಂಪು ತೆನೆ. ಒಂದನೇ ಮೆಟ್ಟಿಲು, ಎರಡನೇ ಮೆಟ್ಟಿಲು, ಮೂರರಲ್ಲಿ ಕುಳಿ. ಪಕ್ಕದ ತೆನೆ ನೋಡಿದೆ: ಕುಳಿ. ಸೀರೆ ಹೊಚ್ಚ ಹೊಸದು, ಅಂಗಡಿಯ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಏನ್ ನೋಡಾಕತ್ತೀರಿ ಯಣ್ಣಾ, ತುಪ್ಪ ಚೆಲ್ಲೈತೇನು?"

"ಇಲ್ಲವಾ, ದಡಿ ನೋಡಿದೆ."

"ಚಲೋ ಐತಲ್ರಿ? ಹೊಸಾ ಡಿಜೈನು" ಅಂದಳು ಆ ಹುಡುಗಿ, ನೆರಿಗೆ ಸ್ವಲ್ಪ ಬಿಡಿಸಿ ತೋರಿಸುತ್ತ. "ಕಂಪ್ಯೂಟರಿನ್ಯಾಗ ತಗದಾರಂತ. ಅದಕ ನೋಡ್ರಿ, ಒಂದೂ ತಪ್ಪಿಲ್ಲ."

ಎರಡ ಮೂರ್ಲೆ ಆರು ಎಂದು ಬಾಯಿ ತೆರೆಯುವಷ್ಟರಲ್ಲಿ ಎಲೆಗೆ ಹೋಳಿಗೆ ಬಿತ್ತು. ತುಪ್ಪ ಹಾಕು ಅಂದೆ.